ಅಮ್ಮನ ರತ್ನಗಂಬಳಿಯ ನೀಲಿ ಹೂವು

ದೋಲ್ನಾ ಚೆಶ್ಮಾ, ಬಲ್ಗೇರಿಯ
ಏಪ್ರಿಲ್ ೧೨, ೨೦೦೭

ಪ್ರೀತಿಯ ಶೆಫಿಕಾ ಅಕ್ಕಾ,

ಮಂಡಿನೋವು ಹೇಗಿದೆ? ಬುರ್ಸಾದ ಆ ಮೆಟ್ಟಿಲುಗಳನ್ನು ಹತ್ತಬೇಡ ಎಂದರೆ ನೀನೆಲ್ಲಿ ಕೇಳುತ್ತೀಯ! ನಾನು ಚೆನ್ನಾಗಿದ್ದೇನೆ. ಫೋನಿನಲ್ಲಿ ಹೇಳಿದರೆ ನಿನ್ನ ಕಿವಿಗೆ ಅರ್ಧವೂ ಬೀಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ಅಮ್ಮನ ರತ್ನಗಂಬಳಿ ಸಿಕ್ಕಿತು. ಇನ್ನಾದರೂ ಹೊಟ್ಟೆತುಂಬ ಉಣ್ಣು.

ಸುಲ್ತಾನರ ಕಾಲದ ನಮ್ಮ ಮಸೀದಿಯನ್ನು ಮ್ಯೂಸಿಯಂ ಮಾಡುವಾಗ, ಒಳಗಿದ್ದ ಗಂಬಳಿಗಳನ್ನೆಲ್ಲ ಸುಣ್ಣ ಬಳಿಯುವವರು ಕಾಲಡಿ ಹಾಸಿ ಹಾಳುಮಾಡಿ ಎಸೆದರು ಎಂದು ಯಾರೋ ಹೇಳಿದ್ದೇ ತಡ, ನೀನು ಎಷ್ಟು ಅತ್ತೆ! ನನಗೂ ಊಟ ಸೇರಲಿಲ್ಲ. ಅಮ್ಮನ ಮಣ್ಣಿಗೆಂದು ಟರ್ಕಿಯಿಂದ ಹೊರಟು ಬಂದ ನಿನ್ನನ್ನು ಅಂದು, ಆ ಕಮ್ಯುನಿಸ್ಟರ ಕಾಲದಲ್ಲಿ, ಗಡಿ ದಾಟಲು ಬಿಡಲಿಲ್ಲ. ನೀವಿಬ್ಬರೂ ಸೇರಿ ನೇಯ್ದಿದ್ದ ಗಂಬಳಿಯನ್ನೇ ಅವಳ ಶವಪೆಟ್ಟಿಗೆಯ ಮೇಲೆ ಹೊದಿಸಿ, ಆಮೇಲೆ ರೂಢಿಯಂತೆ ಮಸೀದಿಗೆ ಕೊಟ್ಟೆವು. ನಿನ್ನದೆಂದು ಅವಳ ಜೊತೆ ಹೋಗಿದ್ದು ಅದೊಂದೇ.

ನಿನ್ನೆ ಮ್ಯೂಸಿಯಂ ಬಾಗಿಲು ತೆರೆದರು. ಹೊಸ್ತಿಲಲ್ಲಿ ನಮ್ಮ ಕೇರಿಯ ಹೆಂಗಸರೆಲ್ಲ ಅಭ್ಯಾಸಬಲದಿಂದ ಬೂಟು ಬಿಚ್ಚಿ ಸಾಲಾಗಿಟ್ಟೆವು. ಟಿಕೆಟ್ ಕೊಡುವ ರಾದ್ಕಾಗೆ ನಗು ತಡೆಯಲಾಗಲಿಲ್ಲ. "ಅಯ್ಯೋ ಅಜ್ಜೀರಾ, ಇದು ಮ್ಯೂಸಿಯಂ ಕಣ್ರಮ್ಮಾ! ಕಲ್ಲು ತಣ್ಣಗಿದೆ, ಹಾಕ್ಕೊಳ್ಳಿ" ಎಂದಳು. "ನಿನ್ ಮ್ಯೂಸಿಯಂ ನಿನ್ನೆ ಮೊನ್ನೇದು ತಾಯಿ, ನಮ್ ಕಾಲಿಗಿನ್ನೂ ಗೊತ್ತಾಗಿಲ್ಲ" ಎಂದು ಕಾಲ್ಚೀಲದಲ್ಲೇ ಒಳಗೆ ಹೋದೆ.

ಗೋಡೆಯ ಮೇಲೆ, ಕೆಂಪು ಟುಲಿಪ್‌ಗಳ ನಡುವೆ, ಒಂದೇ ಒಂದು ನೀಲಿ ಹೂವು! ಕೆಂಪು ನೂಲು ಮುಗಿದಾಗ ನೀನು ಗುಟ್ಟಾಗಿ ನೀಲಿ ಗಂಟು ಹಾಕಿದ್ದು, "ಟುಲಿಪ್ ಎಲ್ಲಾದ್ರೂ ನೀಲಿ ಇರುತ್ತೇನೇ, ಕತ್ತೆ?" ಎಂದು ಅಮ್ಮ ಬೈದಿದ್ದು, ಬೈದರೂ ಬಿಚ್ಚದೆ ಉಳಿಸಿದ್ದು ನೆನಪಿದೆಯಾ? ಅಲ್ಲೇ ಕೂತು ಅತ್ತುಬಿಟ್ಟೆ. ಖುಷಿಗೆ, ಅಕ್ಕಾ. ಚೆನ್ನಾಗಿ ತೊಳೆದು, ಹರಿದಲ್ಲಿ ಹೊಲಿದು, ಹುಳ ಹಿಡಿಯದಂತೆ ಇಟ್ಟಿದ್ದಾರೆ. ಎಷ್ಟೋ ದಿನದ ಮೇಲೆ ನಿನ್ನೆ ನಿದ್ದೆ ಬಂತು.

ಭಾವನಿಗೆ ಸಲಾಂ ಹೇಳು, ಮೊಮ್ಮಕ್ಕಳಿಗೆ ಮುತ್ತು. ನಿನ್ನ ಕೈಗೆ ಮುತ್ತಿಟ್ಟು ಹಣೆಗೊತ್ತಿಕೊಳ್ಳುವ,

ನಿನ್ನ ತಂಗಿ
ರೆಮ್ಜಿಯೆ

ಮರೆತಿದ್ದೆ: ಗಂಬಳಿಯ ಕೆಳಗಿನ ಫಲಕದಲ್ಲಿ 'ನೇಯ್ದವರು ಯಾರೆಂದು ತಿಳಿದಿಲ್ಲ' ಎಂದಿತ್ತು. "ಮುನೀರೆ, ಅವಳ ಮಗಳು ಶೆಫಿಕಾ" ಎಂದು ರಾದ್ಕಾಗೆ ಹೇಳಿದೆ. ಹೊಸ ಫಲಕ ಹಾಕಿಸುತ್ತಾರಂತೆ. "ಆ ಮಗಳು ಇದ್ದಾರಾ?" ಎಂದು ಕೇಳಿದಳು. "ಇದ್ದಾಳೆ, ಬರ್ತಾಳೆ" ಎಂದುಬಿಟ್ಟೆ. ಈಗ ಗಡಿಯಲ್ಲಿ ನಿನ್ನನ್ನು ಯಾರೂ ತಡೆಯುವುದಿಲ್ಲ. ನನ್ನನ್ನು ಸುಳ್ಳುಗಾರ್ತಿ ಮಾಡಬೇಡ, ಅಕ್ಕಾ.