ಒಂದೇ ಕೈಬರಹದ ಎರಡು ಅರ್ಜಿ

ಏಪ್ರಿಲ್ 21, ಸೋಮವಾರ

ಇವರು ಏಳೂವರೆಗೆ ರಾತ್ರಿ ಪಾಳಿ ಮುಗಿಸಿ ಬಂದರು. ಎರಡು ರೊಟ್ಟಿ, ಮಜ್ಜಿಗೆ. ಎಂಟಕ್ಕೆ ಮಲಗಿದರು. ಹತ್ತೂಕಾಲಿಗೆ ಹಿತ್ತಲ ಹಿಂದಿನ ಕಲ್ಯಾಣ ಮಂಟಪದಲ್ಲಿ ಡಿಜೆ ಶುರು. ಕಿಟಕಿಗೆ ಕೌದಿ ಕಟ್ಟಿದೆ. ಆದರೂ ಅಡುಗೆಮನೆಯ ತಾಟುಗಳು ತಮ್ಮಷ್ಟಕ್ಕೆ ತಾವೇ ಗಣಗಣ ಅನ್ನುತ್ತಿದ್ದವು. ಹನ್ನೊಂದಕ್ಕೆ ಎದ್ದು ಕುಳಿತರು. ಕಣ್ಣು ಕೆಂಪು.

ಈ ತಿಂಗಳ ಎಂಟನೇ ಮದುವೆ ಇದು. ನಮ್ಮ ಭಾಗ್ಯನಗರದಲ್ಲಿ ಮದುವೆಗೆ ಉಳಿದವರೆಲ್ಲ ಇದೇ ಬೇಸಿಗೆಯಲ್ಲಿ ಮದುವೆಯಾಗಿಬಿಡಬೇಕು ಅಂತ ಹಟ ಹಿಡಿದಿದ್ದಾರೋ ಏನೋ.

ಏಪ್ರಿಲ್ 23

ಇವತ್ತು ಬಾಯಿ ಬಿಟ್ಟರು. ಮೊನ್ನೆ ಫ್ಯಾಕ್ಟರಿಯಲ್ಲಿ ಕ್ರೇನ್ ಮೇಲೆ ಕೂತಲ್ಲೇ ಕಣ್ಣು ಮುಚ್ಚಿಹೋಯಿತಂತೆ. ಎರಡೇ ಸೆಕೆಂಡ್. ಕೊಕ್ಕೆಯಲ್ಲಿ ಕಬ್ಬಿಣದ ತೊಲೆ. ಕೆಳಗೆ ಯಮನೂರಪ್ಪ ಎಂಬ ಕೆಲಸಗಾರ. ಜಿಗಿದ, ಉಳಿದ.

"ಇನ್ನೊಮ್ಮೆ ಹಂಗಾದ್ರ ಒಂದು ಜೀವ ಹೋಗತೈತಿ ಸುರೇಖಾ. ಆಮ್ಯಾಲ ನಾ ಹೆಂಗ ಬದುಕ್ಲಿ?"

ಹಗಲು ಪಾಳಿ ಕೇಳಿದ್ದಾರೆ. ಜೂನ್ ತನಕ ಆಗುವುದಿಲ್ಲವಂತೆ. ನನ್ನ ಹೆದರಿಕೆ ತೋರಿಸಿಕೊಳ್ಳಲಿಲ್ಲ. ಚಹಾ ಕಾಸಿ ಕೊಟ್ಟೆ.

ಏಪ್ರಿಲ್ 25, ಮಧ್ಯಾಹ್ನ 12.40

ಠಾಣೆಗೆ ಫೋನ್ ಮಾಡಿದೆ. ಹಿತ್ತಲಿಗೆ ಹೋಗಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು. ಕಳ್ಳತನ ಮಾಡಿದವಳ ಹಾಗೆ.

"ಹೆಸರು ಹೇಳ್ರಿ."

"ಹೆಸರು ಬ್ಯಾಡ್ರಿ ಸಾಹೇಬ್ರ. ಸೌಂಡ್ ಕಡಿಮಿ ಮಾಡಸ್ರಿ, ಸಾಕು."

"ಮದುವಿ ಅಂದ್ಮ್ಯಾಲ ಸೌಂಡ್ ಇರ್ದ ಇರತೈತೇನ್ರಿ? ಅದೂ ಹಗಲೊತ್ತಿನಾಗ?"

ಹಗಲೇ ನಮಗೆ ರಾತ್ರಿ ಅಂತ ಹೇಗೆ ಹೇಳುವುದು. ಅಂತೂ ಜೀಪು ಬಂತು. ಹತ್ತು ನಿಮಿಷ ಸದ್ದಿಲ್ಲ. ಜೀಪು ಹೋಯಿತು. ಮತ್ತೆ ಅದೇ ಹಾಡು, ಮೊದಲಿಗಿಂತ ಜೋರು.

ಏಪ್ರಿಲ್ 28

ಫೋನಿಗೆ ಬೆಲೆ ಇಲ್ಲ, ಕಾಗದಕ್ಕೆ ಇದೆ. ತಹಶೀಲ್ದಾರ್ ಕಚೇರಿ ಮುಂದಿನ ಟೈಪಿಂಗ್ ಅಂಗಡಿಯಲ್ಲಿ ಆರು ವರ್ಷ ಕೂತವಳಿಗೆ ಇಷ್ಟು ಗೊತ್ತಿಲ್ಲವೇ. ಓಣಿಯ ಪಿಂಚಣಿ, ರೇಷನ್ ಕಾರ್ಡ್, ನಳದ ನೀರು — ಎಲ್ಲದರ ಅರ್ಜಿ ಬರೆಯುವವಳು ನಾನೇ. ನನ್ನ ಅರ್ಜಿ ವಾಪಸ್ ಬಂದದ್ದಿಲ್ಲ ಎಂಬ ಜಂಬ ಬೇರೆ.

ಕೂತು ಎರಡು ಪುಟ ಬರೆದೆ. ಮಂಟಪದ ಮಾಲೀಕ ಕುಬೇರಪ್ಪನ ಮೇಲೆ. ಕೆಳಗೆ ಸಹಿ ಇಲ್ಲ, "ನೊಂದ ನಿವಾಸಿ" ಅಂತಷ್ಟೇ. ಠಾಣೆಯ ದೂರು ಪೆಟ್ಟಿಗೆಗೆ ಹಾಕಿ ಬಂದೆ.

ಸೌಂಡ್ ಬಾಕ್ಸ್ ಎದುರುಮನೆ ತಾಜಬೀ ಚಾಚಿಯ ಮಗ ವಾಹೀದನವು. ಗೊತ್ತಿತ್ತು. ಅವನ ಹೆಸರು ಬರೆಯಲಿಲ್ಲ. ಅಷ್ಟು ಮಾಡಿದರೆ ಅವನಿಗೇನೂ ಆಗುವುದಿಲ್ಲ ಅಂದುಕೊಂಡೆ.

ಏಪ್ರಿಲ್ 30, ಬಸವ ಜಯಂತಿ

ಮಂಟಪದಲ್ಲಿ ಮದುವೆ ಇತ್ತು, ಡಿಜೆ ಇರಲಿಲ್ಲ! ಇವರು ಎಂಟರಿಂದ ಎರಡೂವರೆ ತನಕ ಮಲಗಿದರು. ಗೊರಕೆ ಕೇಳಿ ಎಷ್ಟು ದಿನವಾಗಿತ್ತು. ಖುಷಿಗೆ ಹೋಳಿಗೆ ಮಾಡಿದೆ.

ಸಂಜೆ ಐದು. ಚಾಚಿ ಬಂದಳು. ಹೊಸ್ತಿಲಲ್ಲೇ ಕುಸಿದು ಕೂತಳು.

"ವಾಹೀದನ ಡಿಜೆ ಮಷೀನ್ ಪೊಲೀಸರು ಒಯ್ದಾರವ್ವ. ಯಾರೋ ಅರ್ಜಿ ಕೊಟ್ಟಾರಂತ. ಬಿಡಿಸ್ಕೊಳ್ಳಾಕ ನೀ ಒಂದು ಅರ್ಜಿ ಬರದುಕೊಡು. ನೀ ಬರದ್ರ ಕೆಲಸ ಆಗತೈತಿ."

ಕುಬೇರಪ್ಪನಿಗೆ ಏನೂ ಆಗಿಲ್ಲ. ಕೈಗೆ ಸಿಕ್ಕದ್ದನ್ನು ಎತ್ತಿಕೊಂಡು ಹೋಗಿದ್ದಾರೆ. ಏನು ಹೇಳಲಿ? ಪೆನ್ನು ತಂದೆ, ಬರೆದೆ. ಚಾಚಿಗೆ ಎರಡು ಹೋಳಿಗೆ ಕಟ್ಟಿಕೊಟ್ಟೆ. ನನ್ನಂಥ ಹೇಸಿ ಹೆಂಗಸು ಇನ್ನೊಬ್ಬಳಿಲ್ಲ.

ಮೇ 2

"ನೀವೂ ಬರ್ರಿ ಅಕ್ಕಾ, ನಿಮಗ ಮಾತಾಡಾಕ ಬರತೈತಿ" ಅಂದ ವಾಹೀದ. ಠಾಣೆಗೆ ಹೋದೆ. ಎಎಸ್‌ಐ ಓಬಳೆಪ್ಪ ಅರ್ಜಿ ಓದಿದ. ಫೈಲು ತೆಗೆದ. ಸಹಿ ಇಲ್ಲದ ಹಳೆಯ ಅರ್ಜಿಯನ್ನು ಎಳೆದು ಪಕ್ಕದಲ್ಲಿಟ್ಟ. "ತಮ್ಮಲ್ಲಿ ಸವಿನಯ ವಿನಂತಿ ಏನೆಂದರೆ" — ಎರಡರಲ್ಲೂ ಅದೇ ಸಾಲು, ಅದೇ ದುಂಡು ಅಕ್ಷರ. ಕೈಬರಹ ಬದಲಿಸಬೇಕು ಅಂತ ನನಗೆ ಹೊಳೆದೇ ಇರಲಿಲ್ಲ. ಛಲೋ ಅರ್ಜಿ ಬರೆಯುವುದೊಂದೇ ಗೊತ್ತು.

"ಹಿಡೀರಿ ಅನ್ನಾಕೂ ನೀವ, ಬಿಡ್ರಿ ಅನ್ನಾಕೂ ನೀವ ಏನ್ರಿ?" ಅಂತ ನಕ್ಕ.

ವಾಹೀದ ನಗಲಿಲ್ಲ. ಎರಡೂ ಕಾಗದ ನೋಡಿದ. ಮುಚ್ಚಳಿಕೆ ಬರೆಸಿಕೊಂಡು ಮಷೀನ್ ಕೊಟ್ಟರು. ಆಟೋದಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಓಣಿ ಬಂದಾಗ ಇಷ್ಟೇ ಅಂದ —

"ನನಗ ಒಂದು ಮಾತು ಹೇಳಿದ್ರ ಆಗ್ತಿತ್ತಲ್ಲ ಅಕ್ಕಾ. ನಮ್ಮನಿ ಎಷ್ಟು ದೂರ ಐತಿ?"

ಹತ್ತು ಹೆಜ್ಜೆ. ಯಾಕೆ ಹೇಳಲಿಲ್ಲ? ಎದುರಾ ಎದುರು ಕೇಳಿ ಕೆಟ್ಟವಳಾಗುವುದು ಬೇಡ ಅಂತ. ಅಷ್ಟೇ. ನಾಚಿಕೆಯಾಗುತ್ತದೆ.

ಮೇ 13

ಬರೆಯಲು ಮನಸ್ಸಿರಲಿಲ್ಲ. ಕುಬೇರಪ್ಪ "ಠಾಣೆ ಹತ್ತಿದವ" ಅಂತ ವಾಹೀದನನ್ನು ಬಿಟ್ಟ. ಗಂಗಾವತಿಯಿಂದ ಬೇರೆ ಡಿಜೆ ಪಾರ್ಟಿ ಕರೆಸಿದ. ಇನ್ನೂ ದೊಡ್ಡ ಬಾಕ್ಸ್. ವಾಹೀದ ಬಾಕ್ಸ್ ಎಲ್ಲ ಮಾರಿ ಸಿದ್ದಾಪುರಕ್ಕೆ ಹೋದ. ರೈಸ್ ಮಿಲ್‌ನಲ್ಲಿ ಕೆಲಸ, ಅಲ್ಲೇ ವಾಸ.

ಇವರ ನಿದ್ದೆ ಮತ್ತೆ ಎರಡು ತಾಸಿಗೆ ಬಂತು. ರಾತ್ರಿ ಡ್ಯೂಟಿಗೆ ಹೊರಟರೆ ಗಾಡಿ ಓಣಿ ದಾಟುವ ತನಕ ಬಾಗಿಲಲ್ಲೇ ನಿಲ್ಲುತ್ತೇನೆ. ಬೆಳಗ್ಗೆ ಗಾಡಿಯ ಸಪ್ಪಳ ಕೇಳುವ ತನಕ ಉಸಿರು ಹಿಡಿದಿರುತ್ತೇನೆ. ಹೊಸ ಅರ್ಜಿಗೆ ಕಾಗದ ತೆಗೆದೆ. ಒಂದು ಸಾಲೂ ಆಗಲಿಲ್ಲ. ಒಳಗಿಟ್ಟೆ.

ಮೇ 16, ಮಧ್ಯಾಹ್ನ 2

ಹತ್ತಕ್ಕೇ ಶುರುವಾಯಿತು. ಎದೆಯೊಳಗೇ ಬಡಿದ ಹಾಗೆ. ಇವರು ಎದ್ದು ಬಂದು ಕಟ್ಟೆಯ ಮೇಲೆ ತಲೆ ಹಿಡಿದು ಕೂತರು. ಎದುರಿನ ಬಾಗಿಲಿಂದ ಚಾಚಿ ನೋಡುತ್ತಿದ್ದಳು. ಆಟೋದ ದಿನದಿಂದ ಆಕೆಯ ಕಡೆ ತಲೆ ಎತ್ತಿರಲಿಲ್ಲ ನಾನು.

"ಕೊಟ್ರೇಶಾ, ಇಲ್ಲಿ ಬಾರಪಾ," ಅಂದಳು ಇವರಿಗೆ. "ನಮ್ಮ ಒಳಗಿನ ಖೋಲಿಗೆ ಮಣ್ಣಿನ ಗ್ವಾಡಿ ಐತಿ. ಸಪ್ಪಳ ಅಷ್ಟು ಬರಂಗಿಲ್ಲ. ಬಂದು ಮಲಕ್ಕೋ."

"ಬ್ಯಾಡ ಬಿಡ ಚಾಚಿ, ನಿಮಗ ಅಡಚಣಿ."

"ಅಡಚಣಿ ಎಲ್ಲೈತಿ? ಬಾಕ್ಸ್ ಇಲ್ಲ, ವಾಹೀದ ಇಲ್ಲ. ಖೋಲಿ ಖಾಲಿ ಐತಿ."

ಹೋದರು. ಹಾಸಿಗೆ ಕೊಡಲು ನಾನೂ ಹೋದೆ. ಆಕೆಯೇ ಹಾಸಿ ಮುಗಿಸಿದ್ದಳು. ಐದು ನಿಮಿಷಕ್ಕೆ ಗೊರಕೆ.

ನನಗೆ ತಡೆಯಲಾಗಲಿಲ್ಲ. ಪಡಸಾಲೆಯಲ್ಲಿ ಆಕೆ ಅಕ್ಕಿ ಆರಿಸುತ್ತಿದ್ದಳು. ಮುಂದೆ ಹೋಗಿ ಕೂತೆ. ಅಳು ಬಂತು, ದನಿ ಏರಿತು.

"ಚಾಚಿ, ಆ ಅರ್ಜಿ... ನಾನ..."

"ಗೊತ್ತೈತಿ," ಅಂದಳು. ಮುಖ ಎತ್ತಲಿಲ್ಲ. "ಮೆಲ್ಲಕ ಮಾತಾಡು. ಒಳಗ ಮಲಗ್ಯಾನ."

ಮೊರವನ್ನು ನನ್ನ ಕಡೆ ಸರಿಸಿದಳು. ಇಬ್ಬರೂ ಕಲ್ಲು ಆರಿಸಿದೆವು. ಇವರು ಇನ್ನೂ ಎದ್ದಿಲ್ಲ. ಅನ್ನಕ್ಕಿಡಲು ಮನೆಗೆ ಬಂದವಳು ಇದನ್ನು ಬರೆಯುತ್ತಾ ಕೂತಿದ್ದೇನೆ. ಹೋಗಬೇಕು. ಚಾಚಿಗೆ ಇನ್ನೂ ಅರ್ಧ ಮೊರ ಅಕ್ಕಿ ಆರಿಸುವುದಿದೆ.