ದೊರೆಗೂ ಒಂದು ಬೊಗಸೆ ಎಳ್ಳುನೀರು

ನಜ್ಮಾ ಬಡಾವಣೆ, ದೋಹಾ
ಮಹಾಲಯ ಅಮಾವಾಸ್ಯೆಯ ಮಾರನೇ ದಿನ

ನನ್ನ ಮುದ್ದು ಮೊಮ್ಮಗಳು ಪ್ರಾರ್ಥನಾಗೆ ಅಜ್ಜಿಯ ಆಶೀರ್ವಾದ.

ಮೊಣಕಾಲು ಬಿಟ್ಟರೆ ನಾನು ಚೆನ್ನಾಗಿದ್ದೇನೆ. ಮೈಸೂರಿನ ಹಾಸ್ಟೆಲ್ ಊಟದಲ್ಲಿ ನೀನು ಕಡ್ಡಿಯಾಗಿರುತ್ತೀ, ಕೇಳುವುದೇ ಬೇಡ. ಫೋನಿನಲ್ಲಿ ಹೇಳಿದರೆ ನಿಮ್ಮಪ್ಪನ ಕಿವಿಗೆ ಬೀಳುತ್ತದೆ, ಅದಕ್ಕೇ ಈ ಕಾಗದ.

ನಿಮ್ಮಜ್ಜ ಸಾಯುವ ತನಕ ಬರೆದರಲ್ಲ, ಯೂಜಿನ್ ದೊರೆಯ ಕಥೆ? ಇನ್ನೂರು ವರ್ಷದ ಹಿಂದೆ ಏಸುವಿನ ಮಾತು ಹೇಳಲು ಹಡಗು ಹತ್ತಿ ಬಂದವನು ನಮ್ಮ ಸಂಸ್ಕೃತಕ್ಕೆ ಮರುಳಾದ. ಪಂಡಿತರು ಒಳಗೆ ಬಿಡಲಿಲ್ಲ, ಜಗಲಿಯ ಕೆಳಗೆ ನಿಂತೇ ಕಲಿತ. ಇವನು ಕೆಟ್ಟ ಅಂತ ಅವನ ಜನವೂ ಕೈಬಿಟ್ಟರು. ಜ್ವರ ಬಂದು ಸತ್ತ. ಗೋರಿ ಎಲ್ಲಿ ಅಂತಲೂ ಗೊತ್ತಿಲ್ಲ. ನನಗೆ ತಾಳಿ ಕಟ್ಟಿದ್ದು ನಿಮ್ಮಜ್ಜ, ಅವರು ಸಂಸಾರ ಮಾಡಿದ್ದು ಆ ದೊರೆಯ ಜೊತೆ. ಪ್ರತಿ ಮಹಾಲಯಕ್ಕೂ ಹಿರಿಯರ ಹೆಸರೆಲ್ಲ ಆದಮೇಲೆ, ಗೋತ್ರ ತಿಳಿಯದವರಿಗೆ ಕಾಶ್ಯಪ ಗೋತ್ರ ಅಂದುಕೊಂಡು, ಅವನಿಗೂ ಎಳ್ಳುನೀರು ಬಿಡುತ್ತಿದ್ದರು.

ಅಜ್ಜ ಹೋದಮೇಲೆ ನಿನ್ನೆಯದು ಮೊದಲ ಮಹಾಲಯ. ನಿಮ್ಮಪ್ಪ ಅಜ್ಜನಿಗೂ ಹಿರಿಯರಿಗೂ ನೀರು ಬಿಟ್ಟು ಎದ್ದೇಬಿಟ್ಟ, ವೆಸ್ಟ್ ಬೇ ಆಫೀಸಿಗೆ ಹೊತ್ತಾಗಿತ್ತು. ಗಿರಿ, ದೊರೆಗೆ ಬಿಡಲಿಲ್ಲವಲ್ಲೋ ಅಂದೆ. ಅಪ್ಪನ ಹುಚ್ಚು ಅಪ್ಪನ ಜೊತೆ ಹೋಯಿತಮ್ಮ, ಖಲಾಸ್ ಅಂದು ಬೂಟು ಹಾಕಿಕೊಂಡ. ಓದಿಸಿದ್ದು ಇದಕ್ಕೇ ನೋಡು.

ಅವನು ಹೋದಮೇಲೆ ಬಾಗಿಲಲ್ಲಿ ಯಾರೋ ಕೆಮ್ಮಿದರು. ಹೊಸಿಲ ಆಚೆ ದೊರೆ. ಬಿಸಿಲಿಗೆ ಸುಲಿದ ಮುಖ, ಚಪ್ಪಲಿ ಕೈಯಲ್ಲಿ. ಬಾರಯ್ಯಾ ಅಂದರೂ ಒಳಗೆ ಬರಲಿಲ್ಲ. ಅಭ್ಯಾಸ ಪಾಪ. ನಿಮ್ಮಜ್ಜ ಬಾಗಿಲಲ್ಲಿ ಅತಿಥಿಯನ್ನು ನಿಲ್ಲಿಸಿಕೊಂಡು ಒಂದು ದಿನವೂ ಉಂಡವರಲ್ಲ. ಇವನು ಹಸಿದಿದ್ದರೆ ಅವರೂ ಮಗ ಬಿಟ್ಟ ನೀರು ಮುಟ್ಟುವುದಿಲ್ಲ. ನನ್ನ ಗಂಡ ಬಾಯಾರಿಕೊಂಡು ಅಲೆಯಬೇಕೇ?

ಹೆಂಗಸರು ಬಿಡಬಾರದಂತೆ. ಅಂದುಕೊಳ್ಳಲಿ. ಬಾಲ್ಕನಿಯಲ್ಲಿ ತಟ್ಟೆ ಇಟ್ಟುಕೊಂಡು, ನಿಮ್ಮಜ್ಜ ಬಿಡುತ್ತಿದ್ದ ಹಾಗೆಯೇ ಹೆಬ್ಬೆರಳ ಪಕ್ಕದಿಂದ ಬಿಟ್ಟೆ. ಮಂತ್ರ ನನಗೆಲ್ಲಿ ಬರಬೇಕು? ಯೂಜಿನಪ್ಪ, ಇದು ನಿಂದು, ಕುಡಿದು ತಣ್ಣಗಾಗು ಅಂದೆ. ಅಷ್ಟು ಸಂಸ್ಕೃತ ಕಲಿತವನಿಗೆ ಇಷ್ಟು ಕನ್ನಡ ತಿಳಿಯದೇ? ತಿರುಗಿ ನೋಡಿದರೆ ಬಾಗಿಲು ಖಾಲಿ.

ನಿಮ್ಮಪ್ಪನಿಗೆ ಹೇಳೀಯಾ, ಜೋಕೆ!

ನಿನ್ನ ಅಜ್ಜಿ
ವಿಜಯಮ್ಮ

ವಿ.ಸೂ.: ಒಂದು ಮಾತು ಮೇಲೆ ಬರೆಯಲಿಲ್ಲ. ತೀರಿಕೊಂಡಾಗಿನಿಂದ ನಿಮ್ಮಜ್ಜ ದಿನಾ ಸಂಜೆ ನನ್ನ ಮಂಚದ ತುದಿಯಲ್ಲಿ ಬಂದು ಕೂರುತ್ತಿದ್ದರು. ನಿನ್ನೆ ದೊರೆ ಮೆಟ್ಟಿಲಿಳಿದಾಗ ಕೇಳಿಸಿದ್ದು ಇಬ್ಬರ ಹೆಜ್ಜೆ. ಸಂಜೆ ಅವರು ಬರಲಿಲ್ಲ. ಇವತ್ತೂ ದೀಪ ಹಚ್ಚಿದ್ದಾಯಿತು, ಇನ್ನೂ ಬಂದಿಲ್ಲ.