ಕುಂಕುಮ ಹಚ್ಚಿದ ನಾಲ್ಕು ಡಿಸ್ಕುಗಳು

ಚಳ್ಳಕೆರೆ
ನವೆಂಬರ್ ೯, ೨೦೨೫

ಪ್ರೀತಿಯ ತಮ್ಮ ಗೋವರ್ಧನನಿಗೆ,

ಆ ಗಡಿಯ ಹಿಮದಲ್ಲಿ ಕೈಕಾಲು ಹೇಗಿವೆಯಪ್ಪಾ? ಬೆರಳು ಮರಗಟ್ಟುತ್ತವೆ ಎಂದಿದ್ದೆ. ಎಣ್ಣೆ ಹಚ್ಚುತ್ತೀಯೋ, ಅದಕ್ಕೂ ಸೋಮಾರಿತನವೋ? ನಾವು ಇದ್ದೇವೆ. ದೊಡ್ಡಉಳ್ಳಾರ್ತಿಯಲ್ಲಿ ಅಪ್ಪ ಮೊಣಕಾಲು ನೋವೆಂದು ಗೊಣಗುತ್ತಲೇ ಕುರಿ ಹೊಡೆದುಕೊಂಡು ಮೇಯಿಸಲು ಕಾವಲಿಗೆ ಹೋಗುತ್ತಾನೆ, ಬೇಡವೆಂದರೆ ನನಗೇ ಬೈಯುತ್ತಾನೆ.

ಸಂಕ್ರಾಂತಿಗೆ ರಜೆ ಸಿಕ್ಕಿದೆ, ಬಂದವನೇ ಭಾವನ ಸ್ಟುಡಿಯೋದಲ್ಲಿ ಕೂತು ಅವ್ವನ ಹಾಡು ಕೇಳುತ್ತೇನೆ ಎಂದು ನೀನು ಬರೆದಿದ್ದೆ. ಅವಳ ಮಣ್ಣಿಗೂ ಬರಲಾಗದವನು ನೀನು. ಫೋನಿನಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ. ಭಾವ ತೆಗೆದಿದ್ದ ಅವ್ವನ ಹಾಡಿನ ಆ ವಿಡಿಯೋ ಹೋಯಿತು ಕಣೋ.

ಸ್ಟುಡಿಯೋದಲ್ಲಿ ರೇಡ್ ಎನ್ನುವ ಕಪ್ಪು ಡಬ್ಬಿ ಇದೆ, ನೀನು ನೋಡಿಲ್ಲ. ಒಳಗೆ ನಾಲ್ಕು ಗೂಡು, ಗೂಡಿಗೊಂದು ಡಿಸ್ಕು. ವೈರಿನಿಂದ ಸೇರಿಸಿದರೆ ಕಂಪ್ಯೂಟರಿಗೆ ನಾಲ್ಕೂ ಸೇರಿ ಒಂದೇ ದೊಡ್ಡ ಡಿಸ್ಕಾಗಿ ಕಾಣುತ್ತದೆ. ಯಾವ ವಿಡಿಯೋವೂ ಒಂದರಲ್ಲೇ ಪೂರ್ತಿ ಇರುವುದಿಲ್ಲ. ಚೂರು ಮಾಡಿ ಎಲ್ಲದಕ್ಕೂ ಹಂಚಿ, ಆ ಚೂರುಗಳ ಲೆಕ್ಕವನ್ನೂ ಜೊತೆಗೆ ಬರೆದಿಡುತ್ತದೆ. ಒಂದು ಕೆಟ್ಟರೆ ಉಳಿದ ಮೂರು ಸೇರಿ ಅದರ ಪಾಲನ್ನು ಮತ್ತೆ ಕಟ್ಟುತ್ತವೆ. ಕುರಿ ಕಾಯುವವನೊಬ್ಬ ಜ್ವರದಿಂದ ಮಲಗಿದರೆ ಜೊತೆಯವರು ಅವನ ಕುರಿಗಳನ್ನೂ ಗುರುತು ಹಿಡಿಯುತ್ತಾರಲ್ಲ, ಹಾಗೆ. "ಒಂದು ಸತ್ರೂ ಏನೂ ಆಗಲ್ಲ ಕಣೇ, ಇನ್ನೊಂದು ಕಾಪಿ ಯಾತಕ್ಕೆ?" ಎಂದು ನಿಮ್ಮ ಭಾವ ಅವ್ವನ ಹಾಡನ್ನು ಡಬ್ಬಿಗೆ ಹಾಕಿ, ಕ್ಯಾಮೆರಾದ ಕಾರ್ಡನ್ನು ಅಳಿಸಿ ಇನ್ನೊಂದು ಮದುವೆಗೆ ಒಯ್ದರು. ನಾನೂ ನಂಬಿದೆ.

ಆಯುಧಪೂಜೆ ದಿನ ಇವರ ಭಕ್ತಿ ಉಕ್ಕಿತು. "ವರ್ಷಾ ಪೂರ್ತಿ ನಮಗೆ ಅನ್ನ ಹಾಕೈತೆ, ಇದಕ್ಕೂ ಪೂಜೆ ಆಗ್ಲಿ" ಎಂದು ನಾಲ್ಕೂ ಡಿಸ್ಕುಗಳನ್ನು ಹೊರಗೆಳೆದು, ಒರೆಸಿ, ವಿಭೂತಿ ಕುಂಕುಮ ಹಚ್ಚಿ, ದೇವಿಯ ಫೋಟೋ ಮುಂದೆ ಸಾಲಾಗಿ ಇಟ್ಟರು. ಹೂ ಏರಿಸಿದವಳು ನಾನೇ. ಯಾವುದು ಯಾವ ಗೂಡಿನದೆಂದು ಗುರುತು ಹಾಕಿರಲಿಲ್ಲ. ಹಾಗೇ ವಾಪಸ್ ತುರುಕಿದರು. ಗೂಡು ಅದಲುಬದಲಾಗಿ ಡಬ್ಬಿಗೆ ಚೂರುಗಳ ಲೆಕ್ಕ ತಪ್ಪಿತು. ಮರುದಿನ ಕಂಪ್ಯೂಟರ್ ಏನೋ ಇಂಗ್ಲಿಷಿನಲ್ಲಿ ಕೇಳಿತು, ಇವರು ಓಕೆ ಒತ್ತಿದರು. ಡಬ್ಬಿ ಹಳೆಯದನ್ನೆಲ್ಲ ಬಿಟ್ಟು ಹೊಸದಾಗಿ ಶುರುಮಾಡಿತು. ಅದು ತಿಳಿಯುವಷ್ಟರಲ್ಲಿ ಮೊಳಕಾಲ್ಮೂರಿನ ಮದುವೆಯ ವಿಡಿಯೋ ಅದರ ಮೇಲೆಯೇ ಕೂತಾಗಿತ್ತು.

ಬೆಂಗಳೂರಿನ ರಿಪೇರಿಯವರಿಗೂ ಕಳಿಸಿದೆವು. ಯಾರ‍್ಯಾರದೋ ನಾಮಕರಣದ ಫೋಟೋಗಳು ಬಂದವು. ಅವ್ವನ ವಿಡಿಯೋದ ಹೆಸರು ಮಾತ್ರ ಬಂದಿದೆ, 'ಬೋರಕ್ಕ ಹಾಡು' ಎಂದು. ಒತ್ತಿದರೆ ತೆರೆಯುವುದಿಲ್ಲ. ಇನ್ನು ಆಗುವುದಿಲ್ಲ, ಆಸೆ ಬಿಡಿ ಎಂದರು.

ಇವರಿಗೆ ಬೈಯೋಣವೆಂದರೆ ತಟ್ಟೆ ಮುಂದೆ ತಲೆ ತಗ್ಗಿಸಿ ಕೂರುತ್ತಾರೆ, ತುತ್ತು ಎತ್ತುವುದಿಲ್ಲ. ನನಗೆ ಕೋಪವಿದೆ, ಯಾರ ಮೇಲೆ ಹಾಕಲಿ? ಆ ವಿಡಿಯೋದಲ್ಲಿ ನೂಲು ತೆಗೆಯುತ್ತಾ ಹಾಡುವಾಗ ಅವ್ವ ನಡುವೆ ನಿಲ್ಲಿಸಿ, "ಇದು ಗೋವರ್ಧನಂಗೆ ಇಷ್ಟ, ಇನ್ನೊಂದ್ಸಲ ಹೇಳ್ತೀನಿ ತಡಿ" ಎಂದಿದ್ದಳು. ಮಾತು ನೆನಪಿದೆ. ದನಿಯನ್ನು ನೆನೆಸಿಕೊಳ್ಳಲು ಹೋದರೆ ನನ್ನ ದನಿಯೇ ಕೇಳುತ್ತದೆ. ಅಪ್ಪನಿಗೆ ಇನ್ನೂ ಹೇಳಿಲ್ಲ.

ಕಿವಿಗೆ ಬಟ್ಟೆ ಕಟ್ಟಿಕೋ. ದೇವರು ನಿನ್ನನ್ನು ಕಾಯಲಿ.

ನಿನ್ನ ಅಕ್ಕ,
ಸ್ವಪ್ನ

ಮರೆತಿದ್ದೆ: ಹಿಂದೆ ಅವ್ವ ನನ್ನ ಫೋನಿನಿಂದ ನಿನಗೆ "ಉಂಡ್ಯೇನಲೇ ಮಗಾ" ಎಂದು ವಾಯ್ಸ್ ಮೆಸೇಜ್ ಕಳಿಸುತ್ತಿದ್ದಳಲ್ಲ? ನನ್ನ ಆ ಫೋನ್ ಹಾಳಾಗಿದೆ. ನಿನ್ನದರಲ್ಲಿ ಒಂದಾದರೂ ಉಳಿದಿದ್ದರೆ ಕಳಿಸು. ಅಳಿಸಿಬಿಟ್ಟಿದ್ದರೆ ಆ ವಿಷಯ ಬರೆಯಬೇಡ, ಇದೆ ಅಂತಲೇ ಅಂದುಕೊಂಡಿರುತ್ತೇನೆ.